ಗಟ್ಟು ಹೋದ, ಅಮುಲ್ ಹುಡುಗಿ ಉಳಿದಳು. ಯಾಕೆ?

ಬಣ್ಣದಂಗಡಿ:
ಏಷ್ಯನ್ ಪೇಂಟ್ಸ್ ಡಬ್ಬದ ಮೇಲಿದ್ದ ಗಟ್ಟು ಎಷ್ಟು ಜನಕ್ಕೆ ನೆನಪಿದ್ದಾನೆ? ಹಣೆ ಮೇಲೆ ಬಿದ್ದ ಕೂದಲು, ಕೈಯಲ್ಲಿ ಬ್ರಷ್, ಬಣ್ಣ ಸೋರುವ ಡಬ್ಬ, ಈಗಷ್ಟೇ ಏನೋ ಕಿತಾಪತಿ ಮಾಡಿ ಬಂದ ಮುಖ. 1954ರಲ್ಲಿ ಆರ್.ಕೆ. ಲಕ್ಷ್ಮಣ್ ಬರೆದುಕೊಟ್ಟ ಹುಡುಗ. ಅರ್ಧ ಶತಮಾನದ ಹತ್ತಿರ ಹತ್ತಿರ ಇದ್ದ. 2002ರಲ್ಲಿ ಕಂಪನಿಯೇ ಅವನನ್ನು ಕೈಬಿಟ್ಟಿತು.

ಈ ಕಡೆ ಅಮುಲ್ ಹುಡುಗಿಯನ್ನು ನೋಡಿ. 1966ರಲ್ಲಿ ಬಂದವಳು. ಅದೇ ಚುಕ್ಕಿ ಫ್ರಾಕು, ಅದೇ ನೀಲಿ ಕೂದಲು, ಅದೇ ರಿಬ್ಬನ್. ನಿನ್ನೆ ಕ್ರಿಕೆಟ್ ಮ್ಯಾಚ್ ಮುಗಿದರೆ ಇವತ್ತು ಅವಳ ಚಿತ್ರ ಫೋನಿಗೆ ಬಂದಿರುತ್ತದೆ.

ಇಬ್ಬರೂ ಮಕ್ಕಳು. ಇಬ್ಬರೂ ಕಾರ್ಟೂನು. ಇಬ್ಬರೂ ಮುಂಬೈಯಲ್ಲಿ ಕೆಲಸ ಮಾಡುತ್ತಿದ್ದವರ ಕೈಯಿಂದ ಬಂದವರು. ಒಬ್ಬನನ್ನು ಮನೆಗೆ ಕಳಿಸಿದರು, ಇನ್ನೊಬ್ಬಳು ಗಟ್ಟಿಯಾಗಿ ನಿಂತಳು. ಯಾಕೆ? "ಕಾಲ ಬದಲಾಯಿತು" ಅನ್ನುವ ಉತ್ತರ ನನಗೆ ಸಾಲದು. ಕಾಲ ಇಬ್ಬರಿಗೂ ಒಂದೇ ಅಲ್ವಾ?

ತುಂಗೆಯ ದಡ:
ಗಟ್ಟು! ನಮ್ಮಜ್ಜಿ ತುಳಸಿ ನೆಟ್ಟಿದ್ದೇ ಆ ಡಬ್ಬದಲ್ಲಿ. ಬಣ್ಣ ಯಾವಾಗಲೋ ಖಾಲಿಯಾಗಿತ್ತು, ಹುಡುಗ ಮಾತ್ರ ಇದ್ದ.

ಶೇಡ್ ಕಾರ್ಡ್:
ನಾನು ಪೇಂಟ್ ವ್ಯಾಪಾರದಲ್ಲೇ ಬೆಳೆದವನು. ಉತ್ತರ ಗಲ್ಲಾಪೆಟ್ಟಿಗೆ ಹತ್ತಿರ ಇದೆ ಸರ್.

ಮೊದಲು ಬಣ್ಣ ಕೊಳ್ಳುತ್ತಿದ್ದವರು ಯಾರು? ಪೇಂಟರ್ ಮೇಸ್ತ್ರಿ. ಮನೆ ಯಜಮಾನ ದುಡ್ಡು ಕೊಟ್ಟು ಸುಮ್ಮನಾಗುತ್ತಿದ್ದ. ಮೇಸ್ತ್ರಿ ಅಂಗಡಿಗೆ ಬಂದು "ಆ ಹುಡುಗನ ಡಬ್ಬ ಕೊಡಿ" ಅನ್ನುತ್ತಿದ್ದ. ಓದು ಬಾರದವರಿಗೂ ಗುರುತು ಸಿಗುತ್ತಿತ್ತು. ಗಟ್ಟು ಮಾಡಿದ ದೊಡ್ಡ ಕೆಲಸ ಅದು. ಬ್ರಿಟಿಷ್ ಕಾಲದ ದೊಡ್ಡ ಕಂಪನಿಗಳು ಪಟ್ಟಣ ಬಿಟ್ಟು ಹೊರಗೆ ಬರದಿದ್ದಾಗ ಏಷ್ಯನ್ ಪೇಂಟ್ಸ್ ಸಣ್ಣ ಸಣ್ಣ ಡಬ್ಬ ಮಾಡಿ ಹಳ್ಳಿ ಅಂಗಡಿಗೆ ಹೋಯಿತು. 1942ರಲ್ಲಿ ನಾಲ್ಕು ಗೆಳೆಯರು ಶುರು ಮಾಡಿದ ಕಂಪನಿ, 1967ಕ್ಕೆ ದೇಶದಲ್ಲೇ ಮೊದಲನೇ ಸ್ಥಾನಕ್ಕೆ ಬಂತು. ಅದರಲ್ಲಿ ಗಟ್ಟುವಿನ ಪಾಲು ಕಡಿಮೆ ಏನಲ್ಲ.

ಆಮೇಲೆ ಅಂಗಡಿಗೆ ಟಿಂಟಿಂಗ್ ಮಷಿನ್ ಬಂತು, ಬೇಕಾದ ಬಣ್ಣ ಅಲ್ಲೇ ಬೆರೆಸಿಕೊಡುವ ಯಂತ್ರ. ಸಾವಿರಾರು ಶೇಡ್. ಗಂಡ ಹೆಂಡತಿ ಇಬ್ಬರೂ ಬಂದು ಶೇಡ್ ಕಾರ್ಡ್ ಹಿಡಿದು ಗಂಟೆಗಟ್ಟಲೆ ಕೂರಲು ಶುರು ಮಾಡಿದರು. ಬಣ್ಣ ಅನ್ನೋದು ಮೇಸ್ತ್ರಿ ಸಾಮಾನು ಅನ್ನುವುದು ಹೋಗಿ ಮನೆಯ ಅಂದದ ವಿಷಯ ಆಯಿತು. ಜಾಹೀರಾತು ಕೂಡ "ಹರ್ ಘರ್ ಕುಛ್ ಕೆಹ್ತಾ ಹೈ" ಅಂತ ಮನೆಯೊಳಗೆ ಬಂತು. ಆ ಹೊಸ ಗಿರಾಕಿಗೆ ಬಣ್ಣ ಚೆಲ್ಲುವ ತುಂಟ ಹುಡುಗ ಬೇಕಿರಲಿಲ್ಲ. ಅಮುಲ್‌ಗೆ ಈ ತೊಂದರೆಯೇ ಬರಲಿಲ್ಲ. ಅಂದೂ ಬೆಣ್ಣೆ, ಇಂದೂ ಬೆಣ್ಣೆ, ತಿನ್ನುವವರೂ ಅದೇ ಮನೆಯವರು.

ಕಾರಹುಣ್ಣಿಮೆ:
ಸಣ್ಣ ಡಬ್ಬದ ಮಾತು ಬಂತಲ್ಲ, ಅದಕ್ಕೆ ಬರೀತೀನಿ. ನಮ್ಮ ವಿಜಯಪುರದ ಕಡೆ ಕಾರಹುಣ್ಣಿಮೆ ಬಂತು ಅಂದ್ರೆ ಎತ್ತಿನ ಕೋಡಿಗೆ ಬಣ್ಣ ಹಚ್ಚಲೇಬೇಕು. ಅದಕ್ಕೆ ಯಾರು ದೊಡ್ಡ ಡಬ್ಬ ತರ್ತಾರೆ? ಅಂಗೈಯಲ್ಲಿ ಹಿಡಿಯುವಂಥ ಡಬ್ಬಿ ತರುತ್ತಿದ್ದೆವು. ಕೆಂಪು ಒಂದು, ಹಸಿರು ಒಂದು. ಒಂದು ಕೋಡಿಗೆ ಅದು, ಇನ್ನೊಂದಕ್ಕೆ ಇದು. ಉಳಿದದ್ದು ಬಾಗಿಲ ಚೌಕಟ್ಟಿಗೆ. ನಮ್ಮ ಪಾಲಿಗೆ ಗಟ್ಟು ಅಂದರೆ ಗೋಡೆ ಬಣ್ಣದವನಲ್ಲ, ಎತ್ತಿನ ಹಬ್ಬದವನು. ಈಗ ಟ್ರ್ಯಾಕ್ಟರ್ ಬಂದು ಎತ್ತು ಕಮ್ಮಿ ಆದವು, ಅದು ಬೇರೆ ಮಾತು.

ಮೈಸೂರು ಮಲ್ಲಿಗೆ:
ಗಟ್ಟು ನಮ್ಮವನು ಅನ್ನುವುದನ್ನು ಯಾರೂ ಹೇಳಲೇ ಇಲ್ಲವಲ್ಲ! ಲಕ್ಷ್ಮಣ್ ಹುಟ್ಟಿದ್ದು ಮೈಸೂರಿನಲ್ಲಿ, 1921ರಲ್ಲಿ. ಓದಿದ್ದು ಮಹಾರಾಜ ಕಾಲೇಜಿನಲ್ಲಿ. ಮುಂಬೈಯ ಜೆ.ಜೆ. ಕಲಾ ಶಾಲೆ ಅವರಿಗೆ ಸೀಟು ಕೊಡಲಿಲ್ಲ. ರಾ.ಶಿ. ಅವರ "ಕೊರವಂಜಿ" ಪತ್ರಿಕೆಗೆ ಚಿತ್ರ ಬರೆದು ಕೈ ಪಳಗಿಸಿಕೊಂಡವರು. ಆಮೇಲೆ ಮುಂಬೈ, ಟೈಮ್ಸ್ ಆಫ್ ಇಂಡಿಯಾ, 1951ರಿಂದ ಶ್ರೀಸಾಮಾನ್ಯನ ವ್ಯಂಗ್ಯಚಿತ್ರ.

ಗಟ್ಟುವಿನ ಗೆರೆ ನೋಡಿದರೆ ಗೊತ್ತಾಗುತ್ತದೆ, ಅದು ಜಾಹೀರಾತಿನವರ ಗೆರೆ ಅಲ್ಲ, ವ್ಯಂಗ್ಯಚಿತ್ರಕಾರನ ಗೆರೆ. ಹುಡುಗ ಮುದ್ದಾಗಿರಬೇಕು ಅಂತ ಬರೆದಿಲ್ಲ. ಪಕ್ಕದ ಮನೆ ಕಾಂಪೌಂಡ್ ಹತ್ತುವ ಹುಡುಗನನ್ನು ಬರೆದಿದ್ದಾರೆ. ಹೆಸರನ್ನು ಮಾತ್ರ ಜನರೇ ಇಟ್ಟರು. ಕಂಪನಿ ಸ್ಪರ್ಧೆ ಇಟ್ಟಿತ್ತು, 500 ರೂಪಾಯಿ ಬಹುಮಾನ, 47,000ಕ್ಕೂ ಜಾಸ್ತಿ ಹೆಸರು ಬಂದವು. ಆ ಕಾಲಕ್ಕೆ ಅಷ್ಟು ಜನ ಕಾರ್ಡು ಬರೆದು ಅಂಚೆಗೆ ಹಾಕಿದ್ದರು ಅಂದರೆ ಆ ಹುಡುಗ ಎಷ್ಟು ಹಿಡಿಸಿದ್ದ ನೋಡಿ.

ಇನ್ನೊಂದು. ಅದೇ ಕಂಪನಿಯ ದೊಡ್ಡ ಕಾರ್ಖಾನೆ 2018ರಲ್ಲಿ ನಂಜನಗೂಡಿನ ಹತ್ತಿರ ಇಮ್ಮಾವಿನಲ್ಲಿ ಶುರುವಾಯಿತು. ಗಟ್ಟುವನ್ನು ಬರೆದವರ ಊರಿನ ಪಕ್ಕದಲ್ಲೇ. ಅದರ ಗೇಟಿನಲ್ಲಿ ಅವನ ಒಂದು ಚಿತ್ರ ಇರಬೇಕು ಅಂತ ನನ್ನ ಆಸೆ.

ಗೋಡೆ ಬರಹ:
ಬೋರ್ಡ್ ಬರೆದು ಬದುಕಿದವನ ಮಾತು ಕೇಳಿ.

ಫ್ಲೆಕ್ಸ್ ಬರುವ ಮುಂಚೆ ಹೋರ್ಡಿಂಗ್ ಎಲ್ಲ ಕೈಯಲ್ಲೇ ಬರೆಯುವುದು. ಚಿಕ್ಕ ಚಿತ್ರದ ಮೇಲೆ ಚೌಕ ಎಳೆದುಕೊಂಡು, ತಗಡಿನ ಮೇಲೆ ದೊಡ್ಡ ಚೌಕ ಎಳೆದು, ಒಂದೊಂದೇ ಚೌಕ ತುಂಬುತ್ತಾ ಹೋಗಬೇಕು. ಸಿನಿಮಾ ನಟನ ಮುಖ ಬರೆಯುವುದು ಅಂದರೆ ಜೀವ ಹೋಗುತ್ತದೆ. ಕಣ್ಣು ಒಂದು ಬೆರಳಷ್ಟು ಆಚೆ ಈಚೆ ಆದರೆ ಬೇರೆಯವರೇ ಆಗಿಬಿಡುತ್ತಾರೆ. ಅಮುಲ್ ಹುಡುಗಿ ಹಾಗಲ್ಲ. ದುಂಡು ಮುಖ, ದೊಡ್ಡ ಕಣ್ಣು, ಚುಕ್ಕಿ. ಯಾವ ಊರಿನ ಪೇಂಟರ್ ಬರೆದರೂ ಅವಳೇ ಆಗುತ್ತಾಳೆ.

ಇದು ಸುಮ್ನೆ ಆದದ್ದಲ್ಲ. ಅಮುಲ್ ಕಟ್ಟಿದ ವರ್ಗೀಸ್ ಕುರಿಯನ್ ಅವರೇ ಕೇಳಿದ್ದರಂತೆ, ಬರೆಯಲು ಸುಲಭ ಇರಬೇಕು, ನೆನಪಿನಲ್ಲಿ ಉಳಿಯಬೇಕು ಅಂತ. ಬೋರ್ಡು ಪದೇ ಪದೇ ಬದಲಾಗಬೇಕಿತ್ತಲ್ಲ. ಜಾಹೀರಾತು ಏಜೆನ್ಸಿಯ ಸಿಲ್ವೆಸ್ಟರ್ ಡ ಕುನ್ಹಾ ಸಾಲು ಕೊಟ್ಟರು, ಯೂಸ್ಟೇಸ್ ಫರ್ನಾಂಡಿಸ್ ಚಿತ್ರ ಕೊಟ್ಟರು. ಬದಲಾಯಿಸಲು ಸುಲಭವಾದ್ದರಿಂದಲೇ ಅವಳು ದಿನದ ಸುದ್ದಿಯ ಹಿಂದೆ ಓಡಲು ಆಯಿತು. ಗಟ್ಟು ಮೊದಲ ದಿನ ಹೇಗೆ ನಿಂತಿದ್ದನೋ ಕೊನೆ ದಿನವೂ ಹಾಗೇ ನಿಂತಿದ್ದ.

ಅಂಕಣ ಓದುಗ:
ಗೋಡೆ ಬರಹ ಅಣ್ಣ ಹೇಳಿದ್ದಕ್ಕೆ ನನ್ನ ಓಟು. ವ್ಯತ್ಯಾಸ ಇಷ್ಟೇ, ಅಮುಲ್ ಹುಡುಗಿ ಮಾತಾಡುತ್ತಾಳೆ. ಅದೂ ಬೆಣ್ಣೆ ಬಗ್ಗೆ ಅಲ್ಲ, ಊರಿನ ಬಗ್ಗೆ. 1976ರಲ್ಲಿ ತುರ್ತು ಪರಿಸ್ಥಿತಿ. ಗಂಡಸರನ್ನು ಎಳೆದುಕೊಂಡು ಹೋಗಿ ಮಕ್ಕಳಾಗದ ಆಪರೇಷನ್ (ಸ್ಟೆರಿಲೈಸೇಶನ್) ಮಾಡಿಸುತ್ತಿದ್ದ ಕಾಲ. ಪತ್ರಿಕೆಗಳೇ ಬಾಯಿ ಮುಚ್ಚಿಕೊಂಡಿದ್ದವು. ಈ ಹುಡುಗಿ ಬೆಣ್ಣೆ ತಟ್ಟೆ ಹಿಡಿದು "ನಾವು ಮೊದಲಿನಿಂದಲೂ ಕಡ್ಡಾಯ ಸ್ಟೆರಿಲೈಸೇಶನ್ ಮಾಡುತ್ತಿದ್ದೇವೆ" ಅಂದಳು. ಒಂದು ಬೆಣ್ಣೆ ಜಾಹೀರಾತಿಗೆ ಅಷ್ಟು ಧೈರ್ಯ!

2001ರಲ್ಲಿ ಇಂಡಿಯನ್ ಏರ್‌ಲೈನ್ಸ್ ಮುಷ್ಕರವನ್ನು ಆಡಿಕೊಂಡಾಗ, ಬೋರ್ಡ್ ತೆಗೆಯದಿದ್ದರೆ ವಿಮಾನದಲ್ಲಿ ಅಮುಲ್ ಬೆಣ್ಣೆ ಕೊಡುವುದೇ ಇಲ್ಲ ಅಂತ ಅವರು ಬೆದರಿಸಿದ್ದರು. ಗಣೇಶ ಹಬ್ಬದ ಒಂದು ಬೋರ್ಡಿಗೆ ಶಿವಸೇನೆಯವರು ಕಚೇರಿ ಒಡೆಯುತ್ತೇವೆ ಅಂದಿದ್ದರು. ಬಣ್ಣದ ಡಬ್ಬದ ಮೇಲಿನ ಹುಡುಗನ ಮೇಲೆ ಯಾರಾದರೂ ಯಾವತ್ತಾದರೂ ಹೀಗೆ ಸಿಟ್ಟಾಗಿದ್ದು ಉಂಟೇ?

ಶೇಡ್ ಕಾರ್ಡ್:
ಸಿಟ್ಟು ತರಿಸುವುದೇ ಮ್ಯಾಸ್ಕಾಟ್, ಅಂದರೆ ಕಂಪನಿಯ ಗುರುತಿನ ಪಾತ್ರದ ಕೆಲಸವಾ? ಗಟ್ಟು ಡಬ್ಬ ಮಾರಿದ. ಅವನ ಕೆಲಸ ಅವನು ಮಾಡಿದ.

ಅಂಕಣ ಓದುಗ:
ಮಾರಿದ, ಇಲ್ಲ ಅನ್ನುತ್ತಿಲ್ಲ. ಉಳಿಯುವ ಪ್ರಶ್ನೆ ಬಂದಾಗ ಮಾರಿದ್ದಷ್ಟೇ ಸಾಲುವುದಿಲ್ಲ ಅಂತಿದ್ದೀನಿ. ಕುರಿಯನ್ ಇನ್ನೊಂದು ದೊಡ್ಡ ಕೆಲಸ ಮಾಡಿದರು. ಜಾಹೀರಾತು ಹಾಕುವ ಮುಂಚೆ ನನ್ನ ಒಪ್ಪಿಗೆಗೆ ಕಳಿಸಬೇಡಿ ಅಂತ ಏಜೆನ್ಸಿಗೆ ಬಿಟ್ಟುಕೊಟ್ಟರು. ಇವತ್ತು ಒಂದು ಸಾಲು ಹಾಕಬೇಕಾದರೆ ಹತ್ತು ಜನ ಮ್ಯಾನೇಜರ್ ಸಹಿ ಬೇಕು. ಅಷ್ಟು ಹೊತ್ತಿಗೆ ಸುದ್ದಿ ಹಳಸಿರುತ್ತದೆ.

ಚುಕ್ಕಿ ಫ್ರಾಕು:
ನನಗೆ ಇಷ್ಟವಾಗುವುದು ಏನು ಗೊತ್ತಾ? ಅವಳು ಹುಡುಗಿ. ಎದುರಾಳಿ ಪೋಲ್ಸನ್ ಬೆಣ್ಣೆಗೆ ಸರಿಸಾಟಿಯಾಗಿ ಒಬ್ಬಳು ಬೇಕು ಅಂತ ಅವಳನ್ನು ತಂದದ್ದು. ಅವಳೇ ಎಲ್ಲರಿಗಿಂತ ಚುರುಕು ಮಾತಿನವಳಾದಳು. ಪ್ರಧಾನಿ ಇರಲಿ, ಕ್ಯಾಪ್ಟನ್ ಇರಲಿ, ಯಾರ ಮುಂದೆಯೂ ತಲೆ ತಗ್ಗಿಸಿ ನಿಂತಿಲ್ಲ. ನಾನು ಚಿಕ್ಕವಳಿದ್ದಾಗ ಅಣ್ಣಂದಿರ ಮಧ್ಯೆ ಮಾತಾಡಿದರೆ "ನೀನು ಸುಮ್ನಿರು" ಅನ್ನುತ್ತಿದ್ದರು. ಪೇಪರಿನಲ್ಲಿ ಆ ಹುಡುಗಿಯನ್ನು ಯಾರೂ ಸುಮ್ನಿರು ಅನ್ನುತ್ತಿರಲಿಲ್ಲ. ಅದಕ್ಕೇ ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸುತ್ತಿದ್ದೆ.

ಕಾಫಿ ಪುಡಿ:
ಶಶಿ ತರೂರ್ ಅವರ ತಂಗಿಯೇ ಅಮುಲ್ ಹುಡುಗಿ ಅಂತ ಕೇಳಿದ್ದೆ. ನಿಜನಾ?

ಅಂಕಣ ಓದುಗ:
ಅಲ್ಲ. ಶೋಭಾ ತರೂರ್ ಅಮುಲ್ ಬೇಬಿ. ಹಾಲಿನ ಪುಡಿ ಜಾಹೀರಾತಿನ ಫೋಟೊದ ಮಗು. ಆ ಫೋಟೊ ಬಂದದ್ದು 1960ರ ದಶಕದ ಶುರುವಿನಲ್ಲಿ, ಬೆಣ್ಣೆ ಹುಡುಗಿ ಇನ್ನೂ ಹುಟ್ಟಿರಲಿಲ್ಲ. ಬೆಣ್ಣೆ ಹುಡುಗಿ ಪೂರ್ತಿ ಕೈಯಲ್ಲಿ ಬರೆದ ಚಿತ್ರ.

ರಾಗಿಮುದ್ದೆ:
ಇಂಥದ್ದೇ ಇನ್ನೊಂದು. ಪಾರ್ಲೆ-ಜಿ ಪ್ಯಾಕೆಟ್ಟಿನ ಮಗು ನಮ್ಮ ಸುಧಾ ಮೂರ್ತಿ ಅಂತ ಪ್ರತಿ ವರ್ಷ ಯಾರಾದರೂ ಫಾರ್ವರ್ಡ್ ಮಾಡುತ್ತಾರೆ. ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಮೊನ್ನೆಯೂ ಬಂತು. ಸುಳ್ಳು. 60ರ ದಶಕದಲ್ಲಿ ಎವರೆಸ್ಟ್ ಏಜೆನ್ಸಿಯ ಕಲಾವಿದ ಮಗನ್‌ಲಾಲ್ ದಯ್ಯಾ ಬರೆದ ಚಿತ್ರ ಅದು. ಯಾವ ಮಗುವೂ ಅಲ್ಲ ಅಂತ ಕಂಪನಿಯವರೇ ಹೇಳಿದ್ದಾರೆ. ದಯವಿಟ್ಟು ದೊಡ್ಡಮ್ಮ ದೊಡ್ಡಪ್ಪಂದಿರಿಗೆ ತಿಳಿಸಿ.

ಚುಕ್ಕಿ ಫ್ರಾಕು:
ಬರೆದವನ ಹೆಸರು ಯಾರಿಗೂ ಬೇಡ, ಫೋಟೊದಲ್ಲಿ ಯಾರು ಅಂತ ಮಾತ್ರ ಬೇಕು. ಬೇಜಾರಾಗುತ್ತದೆ. ದಯ್ಯಾ, ಫರ್ನಾಂಡಿಸ್ ಇವರ ಗೆರೆಯನ್ನು ನಾವು ದಿನಾ ನೋಡುತ್ತೇವೆ. ಹೆಸರು ಎಷ್ಟು ಜನಕ್ಕೆ ಗೊತ್ತು?

ಪವರ್ ಪ್ಲೇ:
ಎಲ್ಲರೂ ಹಳೇದನ್ನೇ ಹೇಳ್ತಿದ್ದೀರಿ. ನಮ್ಮ ಕಾಲದ ಮ್ಯಾಸ್ಕಾಟ್ ಅಂದರೆ ವೊಡಾಫೋನ್ ಜಾಹೀರಾತಿನ ಜೂಜೂ. 2009ರ ಐಪಿಎಲ್, ಪ್ರತಿ ಓವರ್ ಮಧ್ಯೆ ಹೊಸ ಜೂಜೂ. ಮ್ಯಾಚ್ ಬಿಟ್ಟು ಜಾಹೀರಾತಿಗೆ ಕಾಯುತ್ತಿದ್ದೆವು. ಅಂಥ ಒಳ್ಳೆಯ ಆ್ಯನಿಮೇಶನ್ ಆಮೇಲೆ ಬಂದೇ ಇಲ್ಲ.

ಚಿತ್ರಮಂದಿರ:
ಅದು ಆ್ಯನಿಮೇಶನ್ ಅಲ್ಲ ಗುರುವೇ. ಒಳಗೆ ಮನುಷ್ಯರೇ ಇದ್ದರು. ಬಿಳಿ ಬಟ್ಟೆಯ ಅಂಗಿ, ದೊಡ್ಡ ತಲೆ, ಒಳಗೆ ತೆಳ್ಳಗಿನ ನಟ ನಟಿಯರು. ಕಾರ್ಟೂನಿನ ಹಾಗೆ ಕಾಣಲಿ ಅಂತಲೇ ಹಾವಭಾವ, ಸೆಟ್ಟು ಎಲ್ಲ ಹಾಗೆ ಮಾಡಿದ್ದು. ಶೂಟಿಂಗ್ ಆಗಿದ್ದು ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ. ಓಗಿಲ್ವಿ ಜಾಹೀರಾತು ಏಜೆನ್ಸಿಯವರ ಯೋಚನೆ, ಚಿತ್ರ ಮಾಡಿದ್ದು ಪ್ರಕಾಶ್ ವರ್ಮಾ ಅವರ ನಿರ್ವಾಣ ಫಿಲ್ಮ್ಸ್, ನಮ್ಮ ಬೆಂಗಳೂರಿನ ಸಂಸ್ಥೆ. ಹಚ್ ನಾಯಿಮರಿಯ ಜಾಹೀರಾತು ಮಾಡಿದವರೂ ಅವರೇ.

ಪವರ್ ಪ್ಲೇ:
ಒಳಗೆ ಮನುಷ್ಯರಾ! ಇಷ್ಟು ವರ್ಷ ಯಾರೂ ಹೇಳಿಲ್ಲವಲ್ಲ. ಇನ್ನೂ ಇಷ್ಟ ಆಯ್ತು.

ಬಣ್ಣದಂಗಡಿ:
ಜೂಜೂ ಮಾತು ನನ್ನ ಪ್ರಶ್ನೆಗೂ ಸೇರುತ್ತದೆ. ಎಷ್ಟು ಬೇಗ ಏರಿತೋ ಅಷ್ಟೇ ಬೇಗ ಹೋಯಿತು. 2018ರಲ್ಲಿ ವೊಡಾಫೋನ್, ಐಡಿಯಾ ಒಂದಾದವು. 2020ರಲ್ಲಿ ಹೆಸರೇ ವಿ ಅಂತ ಆಯಿತು. ಕಂಪನಿ ಕೈ ಬದಲಾದರೆ ಮ್ಯಾಸ್ಕಾಟ್ ಮೊದಲು ಮನೆಗೆ ಹೋಗುತ್ತದೆ. ಹಾಗಾದರೆ ಅಮುಲ್ ಒಂದು ಸಹಕಾರ ಸಂಘ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ ಅಲ್ವಾ? 1946ರಿಂದ ರೈತರದ್ದೇ. ಮಾರಾಟವೂ ಆಗಲಿಲ್ಲ, ವಿಲೀನವೂ ಆಗಲಿಲ್ಲ. ಏಜೆನ್ಸಿಯೂ ಅದೇ ಮನೆ. ಸಿಲ್ವೆಸ್ಟರ್ ನಂತರ ಮಗ ರಾಹುಲ್ ಡ ಕುನ್ಹಾ ನೋಡಿಕೊಂಡರು. ಮನೀಶ್ ಝವೇರಿ ಸಾಲು ಬರೆಯುತ್ತಾರೆ, ಜಯಂತ್ ರಾಣೆ ಚಿತ್ರ ಬರೆಯುತ್ತಾರೆ, ಅವರೂ ತುಂಬಾ ವರ್ಷಗಳಿಂದ ಜೊತೆಗಿದ್ದಾರೆ.

ಕಾರಹುಣ್ಣಿಮೆ:
ಕೈ ಬದಲಾದರೆ ಹೋಗ್ತಾನೆ ಅನ್ನೋದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್. 2003ರಲ್ಲಿ ಶುರುವಾದದ್ದು. ಅದರ ಮ್ಯಾಸ್ಕಾಟ್ ಲಕ್ಷ್ಮಣರ ಶ್ರೀಸಾಮಾನ್ಯನೇ. ಪಂಚೆ, ಚೌಕಳಿ ಕೋಟಿನ ಮುದುಕ ವಿಮಾನ ಹತ್ತಿದ! ಹಳ್ಳಿಯವನೂ ಹಾರಬಹುದು ಅಂತ ಹೇಳಲು ಅದಕ್ಕಿಂತ ಸರಿಯಾದ ಮುಖ ಸಿಗುತ್ತಿರಲಿಲ್ಲ. ಆಮೇಲೆ ಕಿಂಗ್‌ಫಿಷರ್ ಕೈಗೆ ಹೋಯಿತು. ಮುದುಕ ಇಳಿದುಬಿಟ್ಟ.

ನಂದಿನಿ ಅಭಿಮಾನಿ:
ಇಷ್ಟೊತ್ತು ಸುಮ್ಮನೆ ಓದುತ್ತಿದ್ದೆ. ಕನ್ನಡಿಗರು ಕೂತು ಅಮುಲ್ ಹೊಗಳುತ್ತಿದ್ದೀರಲ್ಲ? 2023ರಲ್ಲಿ ಬೆಂಗಳೂರಿಗೆ ಹಾಲು ಮೊಸರು ತರುತ್ತೇವೆ ಅಂತ ಬಂದಾಗ ಎಷ್ಟು ಗಲಾಟೆ ಆಯಿತು ಮರೆತಿರಾ?

ತುಂಗೆಯ ದಡ:
ಹಾಲು ನಂದಿನಿಯದೇ ಕುಡಿಯುವುದು. ಚಿತ್ರ ಚೆನ್ನಾಗಿದ್ದರೆ ಚೆನ್ನಾಗಿದೆ ಅನ್ನಲು ಏನು ಕಷ್ಟ?

ನಂದಿನಿ ಅಭಿಮಾನಿ:
ನನ್ನ ದೂರು ಅದಲ್ಲ. ಡಾ. ರಾಜ್‌ಕುಮಾರ್, ಅಪ್ಪು ಇಬ್ಬರೂ ನಂದಿನಿಗೆ ಒಂದು ರೂಪಾಯಿ ತೆಗೆದುಕೊಳ್ಳದೆ ಜಾಹೀರಾತು ಮಾಡಿಕೊಟ್ಟರು. ಆ ಪ್ರೀತಿ ಯಾವ ಮ್ಯಾಸ್ಕಾಟಿಗೂ ಸಿಗುವುದಿಲ್ಲ. ಆದರೆ ಮನುಷ್ಯರು ಹೋಗುತ್ತಾರೆ. ನಮ್ಮ ಸುದ್ದಿಗೆ ನಮ್ಮ ಮಾತಿನಲ್ಲಿ ಚುರುಕು ಉತ್ತರ ಕೊಡುವ ಒಂದು ಕನ್ನಡದ ಚಿತ್ರ ನಮಗೆ ಯಾಕಿಲ್ಲ? ಸ್ಕಾಟ್ಲೆಂಡ್, ಐರ್ಲೆಂಡ್ ತಂಡದ ಜೆರ್ಸಿ ಮೇಲೆ 2024ರ ವಿಶ್ವಕಪ್‌ನಲ್ಲಿ ನಂದಿನಿ ಹೆಸರು ಬಂತು. ಅಷ್ಟು ಖರ್ಚು ಮಾಡಲು ಆಗುತ್ತದೆ ಅಂದರೆ ಒಬ್ಬ ಒಳ್ಳೆಯ ವ್ಯಂಗ್ಯಚಿತ್ರಕಾರನನ್ನು ಕೂರಿಸಲೂ ಆಗುತ್ತದೆ.

ಗೋಡೆ ಬರಹ:
ಇದು ಸರಿಯಾದ ಮಾತು. ಬರೆಯುವವರಿಗೆ ಬರ ಇಲ್ಲ. ಬಿಟ್ಟುಕೊಡುವ ಕುರಿಯನ್ ಅಂಥವರು ಬೇಕು. ಸರ್ಕಾರದ ಹಂಗಿನಲ್ಲಿರುವ ಸಂಸ್ಥೆಯ ಮ್ಯಾಸ್ಕಾಟು ಮಂತ್ರಿಯನ್ನು ಆಡಿಕೊಂಡರೆ ಮಾರನೇ ದಿನ ಇರುತ್ತಾ?

ನಿರ್ವಾಹಕ:
ಹಾಲಿನ ರಾಜಕೀಯಕ್ಕೆ ಬೇರೆ ಚರ್ಚೆ ಇದೆ. ಅಲ್ಲಿ ಮುಂದುವರಿಸಿ. ಇಲ್ಲಿ ಮ್ಯಾಸ್ಕಾಟ್ ಸಾಕು.

ಮೈಸೂರು ಮಲ್ಲಿಗೆ:
ಅಮುಲ್ ಹುಡುಗಿ ಮೊದಲಿನಷ್ಟು ಖಾರ ಇಲ್ಲ ಅಂತ ನನಗನ್ನಿಸುತ್ತದೆ. ಮೊದಲು ಒಂದು ಬೋರ್ಡು ವಾರಗಟ್ಟಲೆ ನಿಲ್ಲುತ್ತಿತ್ತು, ಆದ್ದರಿಂದ ಆರಿಸಿ ಬರೆಯುತ್ತಿದ್ದರು. ಈಗ ವಾರಕ್ಕೆ ಎಷ್ಟೋ ಬರುತ್ತವೆ. ಸಿನಿಮಾ ಬಿಡುಗಡೆಯಾದರೆ ಒಂದು, ಯಾರೋ ಗೆದ್ದರೆ ಒಂದು, ಯಾರೋ ತೀರಿಕೊಂಡರೆ ಒಂದು. ಹಾರೈಕೆ ಮತ್ತು ಶ್ರದ್ಧಾಂಜಲಿ ಜಾಸ್ತಿ, ಚುಚ್ಚುವುದು ಕಡಿಮೆ. 1976ರ ಆ ಸಾಲಿನ ಹತ್ತಿರಕ್ಕೆ ಬರುವಂಥದ್ದು ಈಚೆಗೆ ಯಾವುದಿದೆ ಹೇಳಿ?

ಚುಕ್ಕಿ ಫ್ರಾಕು:
ಮೇಡಂ, ಶ್ರದ್ಧಾಂಜಲಿಯನ್ನು ಸುಲಭವಾಗಿ ತಳ್ಳಿಹಾಕಬೇಡಿ. 2012ರಲ್ಲಿ ಕುರಿಯನ್ ತೀರಿಕೊಂಡಾಗ, 2023ರ ಜೂನ್‌ನಲ್ಲಿ ಸಿಲ್ವೆಸ್ಟರ್ ಡ ಕುನ್ಹಾ ತೀರಿಕೊಂಡಾಗ ಅವಳು ಅತ್ತಳು. ಅವಳನ್ನು ತಂದವರೇ ಹೋದರು. ಅದು ಜಾಹೀರಾತು ಅಂತ ನನಗೆ ಅನ್ನಿಸಲೇ ಇಲ್ಲ.

ಅಂಕಣ ಓದುಗ:
ಖಾರ ಕಡಿಮೆ ಆಗಿದೆ, ಒಪ್ಪುತ್ತೇನೆ. 2009ರಲ್ಲಿ ಸತ್ಯಂ ಹಗರಣ, 2011ರಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಕಲ್ಮಾಡಿ ತನಕ ಚೆನ್ನಾಗಿಯೇ ಚುಚ್ಚುತ್ತಿದ್ದಳು. ಈಗ ಕಂಪನಿಗಳೆಲ್ಲ ಕೇಸಿಗೆ, ಟ್ರೋಲಿಗೆ ಹೆದರುತ್ತವೆ. ಅವಳೊಬ್ಬಳದೇ ದೋಷ ಅಲ್ಲ.

ಶೇಡ್ ಕಾರ್ಡ್:
ಮಾತಾಡುವ ಮ್ಯಾಸ್ಕಾಟ್ ಮಾತ್ರ ಉಳಿಯುತ್ತದೆ ಅನ್ನುತ್ತೀರಲ್ಲ, ಏರ್ ಇಂಡಿಯಾ ಮಹಾರಾಜ? 1946ರಿಂದ ಇದ್ದಾನೆ. ಬಗ್ಗಿ ನಮಸ್ಕಾರ ಮಾಡುವುದು ಬಿಟ್ಟು ಏನು ಮಾತಾಡಿದ?

ಅಂಕಣ ಓದುಗ:
ತುಂಬಾ ಮಾತಾಡಿದ! ಅವನನ್ನು ತಂದದ್ದು ಏರ್ ಇಂಡಿಯಾದ ಬಾಬಿ ಕೂಕಾ, ಚಿತ್ರ ಉಮೇಶ್ ರಾವ್ ಅವರದು. ಮೊದಲು ಬರೀ ಟಿಪ್ಪಣಿ ಹಾಳೆಯ ಮೇಲೆ ಹಾಕಲು ಬರೆದದ್ದು. ಆಮೇಲೆ ಪೋಸ್ಟರುಗಳಲ್ಲಿ ಪ್ಯಾರಿಸ್‌ಗೆ ಹೋದರೆ ಪ್ಯಾರಿಸ್ ವೇಷ, ಜಪಾನಿಗೆ ಹೋದರೆ ಸುಮೋ ಪೈಲ್ವಾನ. ಮುಂಬೈಯ ಕೆಂಪ್ಸ್ ಕಾರ್ನರ್‌ನಲ್ಲಿ ಏರ್ ಇಂಡಿಯಾ ಬೋರ್ಡ್ ನೋಡಲೆಂದೇ ಜನ ಕತ್ತು ತಿರುಗಿಸುತ್ತಿದ್ದರು. ಕೂಕಾ ಇರುವ ತನಕ ಮಹಾರಾಜನಿಗೆ ಬಾಯಿ ಇತ್ತು. ಅವರು ಹೋದ ಮೇಲೆ ಮೀಸೆ ಮಾತ್ರ ಉಳಿಯಿತು. ನನ್ನ ವಾದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಶೇಡ್ ಕಾರ್ಡ್:
ಸರಿ, ಪಾರ್ಲೆ-ಜಿ ಮಗು? ಅದಂತೂ ಬಾಯಿ ಬಿಟ್ಟಿಲ್ಲ. ಕೈ ಎತ್ತಿಕೊಂಡು ಕೂತೇ ಇದೆ.

ರಾಗಿಮುದ್ದೆ:
ಅದಕ್ಕೆ ಉತ್ತರ ನಿಮ್ಮ ಮೊದಲ ಪೋಸ್ಟಿನಲ್ಲೇ ಇದೆ ಅಣ್ಣ. ಪಾರ್ಲೆ-ಜಿ ಗಿರಾಕಿ ಬದಲಾಗಲಿಲ್ಲ. ಚಹಾದಲ್ಲಿ ಅದ್ದಿ ತಿನ್ನುವವರು ಅಂದೂ ಇದ್ದರು, ಇಂದೂ ಇದ್ದಾರೆ. ಕಂಪನಿ ಹೊಸ ಗಿರಾಕಿಯ ಹಿಂದೆ ಹೋಗದಿದ್ದರೆ ಸುಮ್ಮನಿರುವ ಮಗುವೂ ಉಳಿಯುತ್ತದೆ. ಹೋಗುವುದಾದರೆ ಬಾಯಿ ಇರುವವರು ಮಾತ್ರ ಜೊತೆಗೆ ಹೋಗಬಲ್ಲರು. ಗಟ್ಟುವಿಗೆ ಎರಡೂ ಇರಲಿಲ್ಲ.

ಬಣ್ಣದಂಗಡಿ:
ಇದನ್ನು ಒಪ್ಪುತ್ತೇನೆ. ಆದರೆ ಬಾಯಿ ಕೊಡಲು ಆಗುತ್ತಿರಲಿಲ್ಲ ಅಂತ ಮಾತ್ರ ಒಪ್ಪಲಾರೆ. ಬರೆದವರು ದಿನಾ ಪೇಪರಿನ ಮೊದಲ ಪುಟದಲ್ಲಿ ದೇಶವನ್ನೇ ಆಡಿಕೊಳ್ಳುತ್ತಿದ್ದ ಲಕ್ಷ್ಮಣ್! ಅವರ ಹತ್ತಿರ ಹೋಗಿ ತಿಂಗಳಿಗೊಂದು ಗಟ್ಟು ಕೇಳಿದ್ದರೆ ಸಾಕಿತ್ತು. ಪಕ್ಷಗಳು ಗೋಡೆ ಮೇಲೆ ಬರೆಯುವ ಚುನಾವಣೆ ಕಾಲ, ಮಳೆ ಬಂದು ಸರ್ಕಾರಿ ಕಟ್ಟಡದ ಬಣ್ಣ ಇಳಿಯುವ ಕಾಲ, ಎಲ್ಲದಕ್ಕೂ ಅವನ ಕೈಯಲ್ಲಿ ಬ್ರಷ್ ಇತ್ತು.

ಕಾಫಿ ಪುಡಿ:
ಚುನಾವಣೆ ಗೋಡೆಗೆ ಗಟ್ಟು ಸುಣ್ಣ ಬಳಿಯುವ ಚಿತ್ರ ಯಾರಾದರೂ ಬರೆದು ಹಾಕಿ ಪ್ಲೀಸ್.

ಗೋಡೆ ಬರಹ:
ಭಾನುವಾರ ಕೂತು ಪ್ರಯತ್ನ ಮಾಡುತ್ತೇನೆ. ಹಳೇ ಡಬ್ಬದ ಸ್ಪಷ್ಟ ಫೋಟೊ ಇದ್ದವರು ಕಳಿಸಿ. ಆ ಕೂದಲು ಯಾವ ಕಡೆಗೆ ಬೀಳುತ್ತದೆ ಅನ್ನುವುದು ಸರಿಯಾಗಿ ಕಾಣಬೇಕು.